ಏಳು ಪೌಂಡಿನ ಸ್ವರ

ಫೋನಿನಲ್ಲಿ ಹೇಳಿದ್ದು ಇಷ್ಟೇ: ಮಂಗಳವಾರ ಹತ್ತಕ್ಕೆ ಬಾ,
ಪಿಯಾನೊ ಇನ್ನರ್ಧ ಸ್ವರ ಇಳಿಸಬೇಕು.

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ
ಒಂದು ಕಾಲಕ್ಕೆ ಹ್ಯಾಡಕ್ ಮೀನಿಗೆ ಹೊಗೆ ಹಾಕುತ್ತಿದ್ದ ಕಟ್ಟಡ,
ಈಗ ಸ್ಟುಡಿಯೊ. ಗೋಡೆಗೆಲ್ಲ ಸ್ಪಂಜು ಹೊಡೆದಿದ್ದಾರೆ,
ಹೊಗೆ ಹೋಗಿಲ್ಲ.
ಪೂರ್ವದ ಗಾಳಿ ಬೀಸಿದ ದಿನ
ತಂತಿಗಳಿಗೂ ಮೀನಿನ ವಾಸನೆ.

ವಿವಿಯನ್ ಗೇಲ್ ಎಂದರೆ ನಮ್ಮಮ್ಮನ ವಾರಿಗೆಯವರಿಗೆ ಗೊತ್ತು.
ಬೆಳ್ಳಿ ಬಣ್ಣದ ಬೂಟು, ಹುಬ್ಬು ಮುಚ್ಚುವ ಕೂದಲು,
ಹಾಡಿನ ನಡುವೆ ಒಮ್ಮೆ, ಒಂದೇ ಒಮ್ಮೆ,
ಚಂಗನೆ ಮೇಲಕ್ಕೆ ಹಾರುವ ಸ್ವರ.
ಅಲ್ಲಿಗೆ ಬಂದಾಗ ಅಮ್ಮ
ಹಿಂಡುತ್ತಿದ್ದ ಬಟ್ಟೆ ಹಾಗೇ ಹಿಡಿದು ನಿಲ್ಲುತ್ತಿದ್ದಳು.
ಈಗ ಅವರಿಗೆ ಎಪ್ಪತ್ತೊಂಬತ್ತು.
ಇದೇ ಕೊನೆಯ ಆಲ್ಬಮ್ ಅಂದಿದ್ದಾರೆ.
ಹಿಂದೆಯೂ ಎರಡು ಸಲ ಅಂದಿದ್ದರು,
ಈ ಸಲ ಯಾರೂ ಬೇಡ ಅನ್ನಲಿಲ್ಲ.

ಮೊದಲು ಕರಿ ನಾಲ್ಕು, ಆಮೇಲೆ ಬಿಳಿ ಐದು,
ಮೊನ್ನೆ ಕರಿ ಮೂರು, ಇವತ್ತು ಬಿಳಿ ನಾಲ್ಕು.
ನುಡಿಸುವ ಟೆರಿಯ ಬೆರಳು ಒಂದೇ ದಾರಿ ಕಲಿತದ್ದು,
ಬೇರೆ ಮನೆಗೆ ಕರೆದರೆ ಬರುವುದಿಲ್ಲ.
ಅದಕ್ಕೇ ಮನೆಯನ್ನೇ ತಗ್ಗಿಸುತ್ತೇವೆ,
ಒಂದೊಂದು ತಂತಿ, ಒಂದೊಂದು ಕಾಲು ಸುತ್ತು.

ಕ್ಯಾಲಮ್ ಇನ್ನೂ ಹುಡುಗ, ಪ್ರೊಡ್ಯೂಸರ್.
"ಆ ಒಂದು ಸ್ವರದ ಚಿಂತೆ ಬಿಡಿ,
ಹಳೇ ಟೇಪಿನಿಂದ ಕತ್ತರಿಸಿ ತಂದು ಅಂಟಿಸುತ್ತೇನೆ,
ಹೊಲಿಗೆ ಕಾಣಿಸದು" ಅಂದ. ಅಂದವನೇ ಹಾಕಿ ಕೇಳಿಸಿದ.
ಡ್ರಮ್ಮಿಲ್ಲ, ಗಿಟಾರಿಲ್ಲ,
ಅರವತ್ತಾರನೇ ಇಸವಿಯ ಒಂದು ಗಂಟಲು
ಬರಿಗಾಲಲ್ಲಿ ಬಂದು ಕೋಣೆಯ ನಡುವೆ ನಿಂತ ಹಾಗೆ.

ಅವರು ಕಪ್ಪು ಕೆಳಗಿಟ್ಟರು.
"ಅದು ನಾನಲ್ಲ ಮಗೂ, ನೊರೀನ್."

ನನ್ನ ಕೈಯ ಕೀಲಿ ಕೈಯಲ್ಲೇ.
"ಆವತ್ತೂ ನನಗದು ಎಟುಕಲಿಲ್ಲ. ಮೂರು ಗಂಟೆ ಹೆಣಗಿದೆ.
ಅವಳು ಮೀನು ಕೊಯ್ಯುವ ಪಾಳಿ ಮುಗಿಸಿ ಬಂದಿದ್ದಳು,
ಹೆಬ್ಬೆರಳಿಗೆ ಪಟ್ಟಿ. ಕೋಟೂ ಬಿಚ್ಚದೆ ಒಂದೇ ಸಲ ಹಾಡಿ
ಏಳು ಪೌಂಡು ಎಣಿಸಿಕೊಂಡು ಬಸ್ಸು ಹಿಡಿದಳು.
ಸ್ಟೇಜಿನ ಮೇಲೆ ಆ ಜಾಗ ಬಂದಾಗಲೆಲ್ಲ
ನಾನು ಮೈಕನ್ನು ಜನರ ಕಡೆ ಚಾಚುತ್ತಿದ್ದೆ.
ಜನ ಅದನ್ನು ಪ್ರೀತಿ ಅಂದುಕೊಂಡರು."

ಗುರುವಾರ ನೊರೀನ್ ಬಂದರು, ಕ್ಲೀಥೋರ್ಪ್ಸ್‌ನಿಂದ,
ಗಾಲಿ ಚೀಲದಲ್ಲಿ ಆಲೂಗಡ್ಡೆ ಸಮೇತ.
ಟೀಗೆ ಮೂರು ಚಮಚ ಸಕ್ಕರೆ ಹಾಕಿಕೊಂಡು
ಗಾಜಿನಾಚೆಯ ಯಂತ್ರಗಳನ್ನು ನೋಡಿ
"ಕರೆಂಟ್ ಬಿಲ್ಲು ಎಷ್ಟು ಬರುತ್ತದೆ?" ಅಂದರು.
ಹಾಡುತ್ತೀರಾ ಎಂದು ಕೇಳಿದ್ದಕ್ಕೆ:
"ಅದು ನನ್ನ ಹತ್ತಿರ ಎಲ್ಲಿದೆ?
ನಿಮ್ಮ ಟೇಪಿನಲ್ಲೇ ಬಿಟ್ಟು ಹೋಗಿದ್ದೆನಲ್ಲ."
ಸ್ವಲ್ಪ ತಡೆದು, ವಿವಿಯನ್ ಕಡೆ ತಿರುಗದೆ:
"ಫ್ಯಾಕ್ಟರಿ ರೇಡಿಯೊದಲ್ಲಿ ಬಂದಾಗ
ನಾನು ನಿನ್ನ ಭಾಗ ಹಾಡಿಕೊಳ್ಳುತ್ತಿದ್ದೆ.
ಅಲ್ಲಿ ಉಸಿರಾಡಲು ಜಾಗ ಇತ್ತು."

ಇಬ್ಬರೂ ಒಂದೇ ಮೈಕಿನ ಮುಂದೆ ನಿಂತರು.
ಕೆಳಗಿನ ಭಾಗವನ್ನೇ ಹಾಡಿದರು, ಒಬ್ಬರು ತುಸು ಮುಂದೆ,
ಒಬ್ಬರು ತುಸು ಹಿಂದೆ, ಕಿರಿದಾದ ಮೆಟ್ಟಿಲಿಳಿಯುವವರ ಹಾಗೆ.
ಆ ಜಾಗ ಬಂತು.
ಯಾರೂ ಹೋಗಲಿಲ್ಲ.
ಟೆರಿ ನಾಲ್ಕು ಎಣಿಕೆ ಕಾದ.
ಹೊರಗೆ ಒಂದು ಲಾರಿ ಗೇರು ಬದಲಿಸಿತು,
ಅದೂ ರೆಕಾರ್ಡಿನಲ್ಲಿದೆ.

ಆ ಎತ್ತರದ ಮನೆಯನ್ನು ಯಾರೂ ಮುಟ್ಟುವುದಿಲ್ಲ
ಎಂದು ಮಂಗಳವಾರವೇ ಗೊತ್ತಿತ್ತು.
ಆದರೂ ಶ್ರುತಿ ಮಾಡಿದ್ದೆ,
ಮಿಕ್ಕವಕ್ಕಿಂತ ಹೆಚ್ಚು ಹೊತ್ತು.

ಕವರಿನ ಮೇಲೆ ನೊರೀನ್ ಹೆಸರು ಬಂದಿದೆ,
ಒಂದಕ್ಷರ ತಪ್ಪಾಗಿ.
ತೋರಿಸಿದೆ. ಕನ್ನಡಕ ಏರಿಸಿ ಓದಿದರು,
"ಇರಲಿ, ಅವಳೂ ಚೆನ್ನಾಗಿಯೇ ಹಾಡಿದ್ದಾಳೆ" ಅಂದು
ಆಲೂಗಡ್ಡೆ ಬೇಯಲು ಇಟ್ಟರು.